ಸಹಾಯ ಬೇಕು: ಕರೆಂಟ್ ಬಂದ ಮೇಲೆ ಸೂಪರ್‌ವೈಸರ್ (ಯಾವುದು ಯಾವಾಗ ಸ್ಟಾರ್ಟ್ ಆಗಬಹುದು ಎಂದು ನಿರ್ಧರಿಸುವ ಕಂಟ್ರೋಲ್ ಪ್ರೋಗ್ರಾಂ) ಯಾವ ಸ್ಟೇಟಿನಿಂದ (ಸ್ಥಿತಿಯಿಂದ) ಶುರುವಾಗಬೇಕು?

ಶಿರಸಿ ಕಡೆಯ ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿಯುವ ಲೈನ್. ಎಲಿವೇಟರ್ ಒಂದೊಂದೇ ಕ್ರೇಟ್ ಅಡಿಕೆಯನ್ನು ಹಾಪರಿಗೆ ಸುರಿಯುತ್ತದೆ. ಹಾಪರಿಗೆ ಹಿಡಿಸುವುದು 3 ಕ್ರೇಟ್. ಯಂತ್ರ ಸಲಕ್ಕೊಂದು ಕ್ರೇಟ್ ಎಳೆದುಕೊಳ್ಳುತ್ತದೆ, ಸರಿಯಾಗಿ ಸುಲಿಯದಿದ್ದರೆ ಆ ಲೋಡ್ ಪೂರ್ತಿ ಹಾಪರಿಗೇ ವಾಪಸ್.

ಎಲಿವೇಟರಿಗೆ 2 ಸ್ಟೇಟ್, ಯಂತ್ರಕ್ಕೆ 3 (ಖಾಲಿ, ಓಟ, ಜಾಮ್), ಹಾಪರಿಗೆ 4 (0ರಿಂದ 3 ಕ್ರೇಟ್), ಗುಣಿಸಿದರೆ ಒಟ್ಟು 24. ಎಲಿವೇಟರ್, ಯಂತ್ರ ಇವೆರಡರ ಸ್ಟಾರ್ಟ್‌ಗಳನ್ನು ಮಾತ್ರ ಸೂಪರ್‌ವೈಸರ್ ತಡೆಯಬಹುದು. ಮುಗಿಯುವುದು, ವಾಪಸ್ ಬರುವುದು, ಜಾಮ್ ಆಗುವುದು ನಮ್ಮ ಮಾತು ಕೇಳುವುದಿಲ್ಲ. ಅದಕ್ಕೇ 'ಹಾಪರ್ ತುಂಬಿದರೆ ಎಲಿವೇಟರ್ ಬಂದ್' ಎನ್ನುವ ಮಾಮೂಲಿ ಇಂಟರ್‌ಲಾಕ್ (ತಡೆ ನಿಯಮ) ಸಾಲದು: ಯಂತ್ರ ಒಂದು ಲೋಡ್ ಎಳೆದ ಕೂಡಲೇ ಎಲಿವೇಟರ್ ಆ ಜಾಗ ತುಂಬಿಸುತ್ತದೆ, ಆಮೇಲೆ ಆ ಲೋಡ್ ವಾಪಸ್ ಬಂದರೆ ಅಡಿಕೆಯೆಲ್ಲ ನೆಲದ ಪಾಲು. ಹಾಪರ್, ಎಲಿವೇಟರ್, ಯಂತ್ರ (ಜಾಮ್ ಆಗಿದ್ದರೂ) ಮೂರರಲ್ಲಿರುವ ಲೋಡ್ ಸೇರಿ 3ಕ್ಕಿಂತ ಕಡಿಮೆ ಇದ್ದರೆ ಮಾತ್ರ ಎಲಿವೇಟರ್ ಸ್ಟಾರ್ಟ್. ಇಷ್ಟು ಸರಿಯಿದೆ.

ತೊಡಕು ಮಳೆಗಾಲದ್ದು. ಪಿಎಲ್‌ಸಿಯ (ಲೈನ್ ನಡೆಸುವ ಕಂಟ್ರೋಲರ್) ರಿಟೆಂಟಿವ್ ಮೆಮೊರಿಯಲ್ಲಿ, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ, ಲೋಡ್‌ಗಳ ಲೆಕ್ಕ ಉಳಿಯುತ್ತದೆ, ಆದರೆ ಕರೆಂಟ್ ಇಲ್ಲದಾಗ ಕೆಲಸದವರು ಹಾಪರನ್ನು ಕೈಯಲ್ಲೇ ಖಾಲಿ ಮಾಡಿರುತ್ತಾರೆ. ಲೆಕ್ಕ 3 ಎಂದೇ ಹಿಡಿದು ಶುರುಮಾಡಿದರೆ ಸುರಕ್ಷಿತ, ಆದರೆ ಲೆಕ್ಕ ತುಂಬಿದೆಯೆಂದು ಎಲಿವೇಟರಿಗೆ, ಹಾಪರಿನಲ್ಲಿ ಅಡಿಕೆಯೇ ಇಲ್ಲವೆಂದು ಯಂತ್ರಕ್ಕೆ, ಹೀಗೆ ಎರಡೂ ಕಡೆ ಸ್ಟಾರ್ಟ್ ಸಿಗದೆ ಲೈನ್ ಕಟ್ಟಿಕೊಳ್ಳುತ್ತದೆ. ಹಾಪರಿನ ಕೆಳಗಿನ ಲೆವೆಲ್ ಸ್ವಿಚ್ಚಿನ 'ಖಾಲಿ' ಸಿಗ್ನಲನ್ನು ತಡೆಯಲಾಗದ ಇವೆಂಟ್ ಎಂದು ಮಾಡೆಲಿಗೆ ಸೇರಿಸಿ ಸುಪ್ರೆಮಿಕಾದಲ್ಲಿ (ಮಾಡೆಲಿನಿಂದ ಸೂಪರ್‌ವೈಸರ್ ತಯಾರಿಸುವ ಸಾಫ್ಟ್‌ವೇರ್) ಮತ್ತೆ ಸಿಂಥೆಸಿಸ್ ಮಾಡಿದರೆ ಸಾಕೇ? ಅಥವಾ ಕರೆಂಟ್ ಹೋಗುವುದನ್ನೂ ಕಾಣದ (ಸೂಪರ್‌ವೈಸರಿಗೆ ಗೊತ್ತಾಗದ) ಇವೆಂಟ್ ಆಗಿ ಸೇರಿಸಿ, ಕಾಣುವ ಇವೆಂಟ್‌ಗಳಿಂದ ಲೈನ್ ಯಾವ ಸ್ಟೇಟುಗಳಲ್ಲಿ ಇರಬಹುದೆಂದು ಅಂದಾಜಿಸುವ ಅಬ್ಸರ್ವರ್ ಕಟ್ಟಬೇಕೇ? ಲ್ಯಾಡರಿನಲ್ಲಿ (ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಭಾಷೆ) ಇದನ್ನು ಬರೆದು ಓಡಿಸಿದವರು ತಿಳಿಸಿ.