ಫೋಟೋಗ್ರಫಿ ಕ್ಲಾಸಿನಲ್ಲಿ ಮಾಡಿದ ಯಾವ ಕೆಲಸ ನಿಮಗೆ ಇಂದಿಗೂ ಇಷ್ಟ?

ಡಬ್ಬಿಕ್ಯಾಮೆರಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಯ ಪಿಯುಸಿ ಮಕ್ಕಳಿಗೆ ವಾರಕ್ಕೊಮ್ಮೆ ಫೋಟೋಗ್ರಫಿ ಹೇಳಿಕೊಡಲು ಒಪ್ಪಿಕೊಂಡಿದ್ದೇನೆ. ಎಲ್ಲರ ಹತ್ತಿರವೂ ಒಳ್ಳೆಯ ಫೋನ್ ಇದೆ. ಅಪರ್ಚರ್, ಶಟರ್, ಐಎಸ್‌ಓ ಅಂದರೆ ಏನು ಅನ್ನುವುದು ಯೂಟ್ಯೂಬಿನಲ್ಲೇ ಸಿಗುತ್ತದೆ. ಅದನ್ನೇ ನಾನು ಬೋರ್ಡಿನ ಮೇಲೆ ಬರೆಯುತ್ತಾ ಕೂತರೆ ಎರಡನೇ ವಾರಕ್ಕೆ ಯಾರೂ ಬರುವುದಿಲ್ಲ. ಮಕ್ಕಳಿಗೆ ಒಳ್ಳೆಯ ಅಸೈನ್‌ಮೆಂಟ್ ಬೇಕು. ಅದಕ್ಕೇ ಕೇಳುತ್ತಿದ್ದೇನೆ. ನೀವು ಎಲ್ಲಾದರೂ ಫೋಟೋಗ್ರಫಿ ಕಲಿತಿದ್ದರೆ, ಆಗ ಮಾಡಿದ ಯಾವ ಕೆಲಸ ಇಂದಿಗೂ ನಿಮಗೆ ಇಷ್ಟ? ಮೇಷ್ಟ್ರು ಏನು ಮಾಡಲು ಹೇಳಿದ್ದರು? ಬರೀ ಚಿತ್ರ ಅಲ್ಲ, ಅದು ಹೇಗೆ ಬಂತು ಅನ್ನುವುದೂ ಬೇಕು.

ಮೊದಲು ನನ್ನದು ಹೇಳಿಬಿಡುತ್ತೇನೆ.

ಮೈಸೂರಿನಲ್ಲಿ ಕ್ಯಾಮೆರಾ ಹಿಡಿದವರೆಲ್ಲಾ ಮೊದಲು ಹೋಗುವುದು ದೇವರಾಜ ಮಾರುಕಟ್ಟೆಗೆ. ಸಾಲಾಗಿ ಕೂರಿಸಿದ ಬಣ್ಣದ ಗೋಪುರಗಳು, ಕುಂಕುಮ, ಅರಿಶಿನ, ರಂಗೋಲಿ ಪುಡಿ. ಆ ಚಿತ್ರ ನೀವೂ ನೂರು ಸಲ ನೋಡಿರುತ್ತೀರಿ. ನಮ್ಮ ಕ್ಲಾಸಿನವರೆಲ್ಲಾ ಅದನ್ನೇ ತಂದಿದ್ದೆವು. ಮೇಷ್ಟ್ರು ಬೈಯಲಿಲ್ಲ. ಟಿ. ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ಗೋಡೆಗೆ ಆನಿಸಿ ಇಟ್ಟರು. ಸತ್ಯನ್ (1923–2009) ಮೈಸೂರಿನವರೇ. ಆಟ ಆಡುವ ಮಕ್ಕಳು, ಬೀದಿ ಬದಿಯ ಜನ, ದಿನನಿತ್ಯದ ಬದುಕು, ಇದನ್ನೇ ಜೀವನವಿಡೀ ತೆಗೆದರು. ಆಮೇಲೆ ಮೇಷ್ಟ್ರು, 'ಅದೇ ಮಾರುಕಟ್ಟೆಗೆ ಮತ್ತೆ ಹೋಗಿ. ಆದರೆ ಲೆನ್ಸ್ ಇಲ್ಲದೆ ಹೋಗಿ' ಎಂದರು.

ಹಾಗೆ ಶುರುವಾಯಿತು ಹಾಲಿನ ಪುಡಿ ಡಬ್ಬಿಯ ಪಿನ್‌ಹೋಲ್ ಕ್ಯಾಮೆರಾ. ಒಳಗೆಲ್ಲಾ ಹೊಳಪಿಲ್ಲದ ಕಪ್ಪು ಬಣ್ಣ. ಬದಿಯಲ್ಲಿ ಒಂದು ಕಿಂಡಿ ಕೊರೆದು, ಅದರ ಮೇಲೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ಅಲ್ಯೂಮಿನಿಯಂ ತುಂಡು. ಆ ತುಂಡಿನಲ್ಲಿ ತೆಳು ಸೂಜಿಯಿಂದ ಮಾಡಿದ ತೂತು, ಸುಮಾರು 0.4 ಮಿಲಿಮೀಟರ್. ತೂತಿನ ಅಂಚನ್ನು ನಯವಾದ ಮರಳು ಕಾಗದದಿಂದ ಉಜ್ಜಬೇಕು. ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಮುಚ್ಚಲು ಕಪ್ಪು ಇನ್ಸುಲೇಷನ್ ಟೇಪ್, ಅದೇ ಶಟರ್. ಕೆಂಪು ದೀಪದ ಕೋಣೆಯಲ್ಲಿ ಡಬ್ಬಿಯ ಒಳಗೋಡೆಗೆ ಫೋಟೋ ಪೇಪರ್ ಅಂಟಿಸಿಕೊಂಡು ಹೊರಟರೆ ಒಂದು ಡಬ್ಬಿಗೆ ಒಂದೇ ಚಿತ್ರ. ಇನ್ನೊಂದು ಬೇಕಾದರೆ ಮತ್ತೆ ಡಾರ್ಕ್‌ರೂಮಿಗೆ ಓಡಬೇಕು.

ಡಬ್ಬಿಯ ಅಗಲ 10 ಸೆಂಟಿಮೀಟರ್ ಇದ್ದರೆ ಅದು ಎಫ್/250 ಆಯಿತು, ಅಂದರೆ ತೂತಿನ 250 ಪಟ್ಟು. ಒಳಗೆ ಬರುವ ಬೆಳಕು ಬಹಳ ಕಡಿಮೆ. ಫೋಟೋ ಪೇಪರ್ ಫಿಲ್ಮಿನಷ್ಟು ಚುರುಕಲ್ಲ. ಬಿಸಿಲಲ್ಲಿ ಒಂದು ನಿಮಿಷದ ಆಸುಪಾಸು ಸಾಕು. ಮಾರುಕಟ್ಟೆಯ ಒಳಗಿನ ನೆರಳಿನಲ್ಲಿ ಹತ್ತು, ಹದಿನೈದು ನಿಮಿಷ ಬೇಕು. ಹೂವಿನ ಸಾಲಿನಲ್ಲಿ ಒಂದು ಖಾಲಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಡಬ್ಬಿ ಇಟ್ಟು, ಟೇಪ್ ತೆಗೆದು, ಪಕ್ಕದಲ್ಲಿ ನಿಂತೆ. ಅಷ್ಟು ಹೊತ್ತಿನಲ್ಲಿ ಎಷ್ಟು ಜನ ಮುಂದೆ ಹಾದು ಹೋದರು ಅಂತೀರಿ! ಬಾಳೆಗೊನೆ ಹೊತ್ತವರು, ಮದುವೆಗೆ ಹಾರ ಕೊಳ್ಳಲು ಬಂದ ಮನೆಯವರು, ಒಂದು ದನ.

ಡೆವಲಪರ್‌ನಲ್ಲಿ ಪೇಪರ್ ಮುಳುಗಿಸಿದರೆ ಮೊದಲು ಬರುವುದು ನೆಗೆಟಿವ್, ಕಪ್ಪು ಬಿಳುಪು ಅದಲುಬದಲಾದ ಚಿತ್ರ. ಅದನ್ನು ಇನ್ನೊಂದು ಪೇಪರಿನ ಮೇಲೆ ಮುಖಕ್ಕೆ ಮುಖ ಕೊಟ್ಟು ಗಾಜಿನಡಿ ಒತ್ತಿ, ಬೆಳಕು ಹಾಯಿಸಿದಾಗ ಚಿತ್ರ ಬಂತು. ನಡೆದು ಹೋದವರು ಯಾರೂ ಅದರಲ್ಲಿ ಇಲ್ಲ. ಒಬ್ಬರೂ ಇಲ್ಲ. ಇರುವುದು ಜಗುಲಿ, ಹೂವಿನ ರಾಶಿ, ತಕ್ಕಡಿ, ಮತ್ತು ಹೂ ಕಟ್ಟುತ್ತಾ ಕೂತ ಒಬ್ಬ ಹೆಂಗಸು. ಅವರ ಸೊಂಟ, ತೊಡೆ, ಸೀರೆಯ ಮಡಿಕೆ ಎಲ್ಲಾ ಸ್ಪಷ್ಟ. ಕೈಗಳು ಮಾತ್ರ ಇಲ್ಲ. ಕೈ ಇರಬೇಕಾದ ಕಡೆ ತೆಳು ಹೊಗೆ. ಅಷ್ಟೂ ಹೊತ್ತು ಅವರ ಕೈ ಒಂದು ಕ್ಷಣ ನಿಂತಿರಲಿಲ್ಲ, ಅದಕ್ಕೇ. ಒಬ್ಬರು ಎಷ್ಟು ದುಡಿಯುತ್ತಾರೆ ಅನ್ನುವುದನ್ನು ಇಷ್ಟು ನೇರವಾಗಿ ಹೇಳುವ ಚಿತ್ರವನ್ನು ಆಮೇಲೆ ನಾನು ಒಳ್ಳೆಯ ಕ್ಯಾಮೆರಾದಲ್ಲೂ ತೆಗೆದಿಲ್ಲ.

ಅದೇ ಡಬ್ಬಿಯಲ್ಲಿ ಬಣ್ಣದ ಗೋಪುರಗಳನ್ನೂ ತೆಗೆದೆ. ಫೋಟೋ ಪೇಪರಿಗೆ ಕೆಂಪು ಕಾಣಿಸುವುದೇ ಇಲ್ಲ. ಹಾಗಾಗಿಯೇ ತಾನೆ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಸಬಹುದು. ಪರಿಣಾಮ ಏನೆಂದರೆ ಕುಂಕುಮ ಇದ್ದಿಲಿನ ಹಾಗೆ ಕಪ್ಪಾಯಿತು. ಅರಿಶಿನವೂ ಮಂಕಾಯಿತು. ಯಾರೂ ಗಮನಿಸದ ನೀಲಿ ರಂಗೋಲಿ ಪುಡಿ ಬೆಳ್ಳಗೆ ಎದ್ದು ನಿಂತಿತು. ಡಬ್ಬಿಯೊಳಗೆ ಪೇಪರ್ ಬಾಗಿರುವುದರಿಂದ ನೇರ ಜಗುಲಿ ಬಿಲ್ಲಿನಂತೆ ಬಳುಕಿತು. ನೂರು ಸಲ ನೋಡಿದ ಜಾಗ ಪೂರ್ತಿ ಬೇರೆಯೇ ಆಗಿಬಿಟ್ಟಿತ್ತು.

ನನ್ನ ನಂಬಿಕೆ ಇಷ್ಟು. ಆ ಅಸೈನ್‌ಮೆಂಟ್ ನಮ್ಮಿಂದ ಆಯ್ಕೆಗಳನ್ನು ಕಿತ್ತುಕೊಂಡಿತು. ಜೂಮ್ ಇಲ್ಲ, ವ್ಯೂಫೈಂಡರ್ ಇಲ್ಲ, ಎರಡನೇ ಫ್ರೇಮ್ ಇಲ್ಲ. ಅದಕ್ಕೇ ಕೆಲಸ ಚೆನ್ನಾಗಿ ಬಂತು. ನಿಮಗೂ ಹಾಗೇ ಆಗಿದೆಯಾ?

ಧಾರವಾಡದವಳು

ಎಂಥ ಒಳ್ಳೆಯ ಪ್ರಶ್ನೆ ಕೇಳಿದಿರಿ! ನಿಮ್ಮ ಹೂವಿನವರ ಕೈ ಓದಿ ನನಗೆ ನನ್ನ ಕಸೂತಿ ನೆನಪಾಯಿತು.

ನಮಗೆ ಕ್ಯಾಮೆರಾನೇ ಮುಟ್ಟುವಂತಿರಲಿಲ್ಲ. 'ಬಿಸಿಲಿನಲ್ಲಿ ಚಿತ್ರ ಮಾಡಿ' ಅಂತ ಹೇಳಿ ಸಯನೋಟೈಪ್ ಕಲಿಸಿದರು. ಜಾನ್ ಹರ್ಶೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಸಮುದ್ರದ ಪಾಚಿಗಳನ್ನು ಹೀಗೆ ಅಚ್ಚು ಹಾಕಿ ಪುಸ್ತಕ ಮಾಡಲು ಶುರು ಮಾಡಿದರು. ಎರಡು ದ್ರಾವಣ ಬೇಕು. ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿಲಿಲೀಟರ್ ನೀರಿಗೆ 25 ಗ್ರಾಂ. ಪೊಟ್ಯಾಸಿಯಂ ಫೆರಿಸಯನೈಡ್ 100 ಮಿಲಿಲೀಟರಿಗೆ 10 ಗ್ರಾಂ. ಸಮ ಸಮ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಬೇಕು. ಮೇಲೆ ಏನಾದರೂ ಇಟ್ಟು ಬಿಸಿಲಿಗೆ ಇಟ್ಟರೆ ಬೆಳಕು ಬಿದ್ದ ಕಡೆ ನೀಲಿ, ನೆರಳು ಬಿದ್ದ ಕಡೆ ಬಿಳಿ. ಆಮೇಲೆ ಬರೀ ನೀರಿನಲ್ಲಿ ತೊಳೆದರೆ ಆಯಿತು.

ಎಲ್ಲರೂ ಎಲೆ ಇಟ್ಟರು. ನಾನು ತೆಳು ಬಿಳಿ ಹತ್ತಿ ಬಟ್ಟೆಯ ಮೇಲೆ ಹಾಕಿದ ಕಸೂತಿಯ ತುಂಡು ಇಟ್ಟೆ. ಗೋಪುರ, ತುಳಸಿ ಕಟ್ಟೆ, ಆನೆ. ಬಟ್ಟೆಯ ಮೂಲಕ ಬೆಳಕು ಹಾಯಬೇಕಲ್ಲ, ಅದಕ್ಕೆ ಜಾಸ್ತಿ ಹೊತ್ತು ಬಿಸಿಲು ಬೇಕಾಯಿತು. ತೊಳೆದಾಗ ಕಂಡಿದ್ದು ಹೀಗೆ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿ ಒಂದೇ ಥರ ಇರುತ್ತದೆ. ಹೋದ ದಾರಿಯಲ್ಲೇ ದಾರ ವಾಪಸ್ ಬರುತ್ತದೆ. ಹಾಗಾಗಿ ಅದರ ನೆರಳು ಒಂದೇ ಗೆರೆ, ಚೊಕ್ಕ. ಮೆಂತಿ ಹೊಲಿಗೆ ಹಾಗಲ್ಲ. ಹಿಂಬದಿಯಲ್ಲಿ ದಾರ ಬೇರೆ ಕಡೆ ಓಡಾಡಿರುತ್ತದೆ. ಬಿಸಿಲಿಗೆ ಮುಂದು ಹಿಂದು ಗೊತ್ತಿಲ್ಲ, ಎರಡನ್ನೂ ಒಟ್ಟಿಗೆ ಬರೆಯಿತು. ಸೂಜಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು ನೀಲಿಯಲ್ಲಿ ಬೆರಳಿಟ್ಟು ಓದಬಹುದಿತ್ತು.

ನಮ್ಮ ಕಡೆ ಕಸೂತಿಗೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗಂಟೂ ಹಾಕುವುದಿಲ್ಲ. ಆ ಲೆಕ್ಕವೆಲ್ಲಾ ಅಚ್ಚಿನಲ್ಲಿ ಕಂಡಿತು. ಅದು ಈಗಲೂ ನನ್ನ ಮೇಜಿನ ಎದುರಿಗಿದೆ. ನನಗೆ ತುಂಬಾ ಹೆಮ್ಮೆ ಇರುವ ಕೆಲಸ.

ಕುಂದಾಪುರ ಕಡೆಯವ

ಇಬ್ಬರ ಕೆಲಸವೂ ಓದಿ ಖುಷಿಯಾಯಿತು. ಆದರೆ 'ಆಯ್ಕೆ ಕಿತ್ತುಕೊಂಡರೆ ಕೆಲಸ ಚೆನ್ನಾಗಿ ಬರುತ್ತದೆ' ಅನ್ನುವ ಮಾತು ನಾನು ಒಪ್ಪುವುದಿಲ್ಲ.

ನನಗೆ ಇಷ್ಟವಾದದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ ತೆಗೆದ ಚಿತ್ರಗಳು. ನಮ್ಮ ಮೇಷ್ಟ್ರು ಯಾವ ನಿಯಮವನ್ನೂ ಹಾಕಲಿಲ್ಲ. 'ನಿನಗೆ ಬೇಕಾದದ್ದು ತೆಗಿ, ಆದರೆ ಒಂದೇ ಕಡೆಗೆ ಹೋಗುತ್ತಾ ಇರು, ಮೇಳದ ತಿರುಗಾಟ ಮುಗಿಯುವವರೆಗೆ' ಎಂದರು. ಅಷ್ಟೇ.

ಮೊದಮೊದಲು ನಾನು ತೆಗೆದದ್ದೆಲ್ಲಾ ಬಣ್ಣ, ಕಿರೀಟ, ಕುಣಿತ. ಯಾರು ಬೇಕಾದರೂ ತೆಗೆಯುವಂಥದ್ದು. ಚೌಕಿಯೊಳಗೆ ಬಿಟ್ಟುಕೊಂಡರೂ ಕಲಾವಿದರು ಕ್ಯಾಮೆರಾ ನೋಡಿದ ಕೂಡಲೇ ಪೋಸು ಕೊಡುತ್ತಿದ್ದರು. ಹೋಗಿ ಹೋಗಿ, ನಾನು ಅಲ್ಲಿ ಇರುವುದು ಅವರಿಗೆ ಮಾಮೂಲಿ ಆಯಿತು. ಆಗ ನನಗೆ ಕನ್ನಡಿಗಳು ಕಾಣಿಸಿದವು. ನೆಲದ ಮೇಲೆ ಸಾಲಾಗಿ ಕೂತು, ಒಬ್ಬೊಬ್ಬರೂ ಎದುರಿಗೆ ಪುಟ್ಟ ಕನ್ನಡಿ ಇಟ್ಟುಕೊಂಡು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವರು ತಮ್ಮ ಮುಖವನ್ನು ನೋಡುವ ರೀತಿ ನೋಡಬೇಕು ನೀವು. ಅದರಲ್ಲಿ ಚಂದ ನೋಡಿಕೊಳ್ಳುವುದು ಏನೂ ಇಲ್ಲ. ಬಡಗಿ ಹಲಗೆಯ ಅಂಚು ನೋಡಿದ ಹಾಗೆ ಒಂದು ಕಣ್ಣು ಸಣ್ಣ ಮಾಡಿ ಹುಬ್ಬಿನ ಗೆರೆ ಸರಿ ಇದೆಯಾ ಅಂತ ನೋಡುತ್ತಾರೆ. ಇನ್ನರ್ಧ ಗಂಟೆಯಲ್ಲಿ ಕರ್ಣ ಆಗುವವರು ಆಗ ಅರ್ಧ ಮುಖ ಕರ್ಣ, ಅರ್ಧ ಮುಖ ಸ್ವಂತದ್ದು.

50 ಮಿಲಿಮೀಟರ್ ಎಫ್/1.8 ಲೆನ್ಸ್, ಐಎಸ್‌ಓ 3200, ಶಟರ್ 1/60. ಚೌಕಿಯ ಬಲ್ಬಿನ ಬೆಳಕು ಅಷ್ಟೇ. ಫ್ಲ್ಯಾಶ್ ಹಾಕಲಿಲ್ಲ, ಬಣ್ಣ ಹಾಕಿಕೊಳ್ಳುವವರ ಕಣ್ಣಿಗೆ ಹೊಡೆಯುತ್ತದೆ. ನಾನು ಈಗ ಮದುವೆ ಫೋಟೋ ತೆಗೆದು ಜೀವನ ಮಾಡುತ್ತೇನೆ. ಮದುಮಗಳ ಅಲಂಕಾರದ ಕೋಣೆಗೆ ಹೋದಾಗ ಹೇಗೆ ನಿಲ್ಲಬೇಕು, ಯಾವಾಗ ಕ್ಯಾಮೆರಾ ಕೆಳಗಿಡಬೇಕು ಅನ್ನುವುದನ್ನು ನಾನು ಕಲಿತದ್ದು ಆ ಚೌಕಿಯಲ್ಲಿ.

ಅದಕ್ಕೇ ಹೇಳುವುದು, ಮಕ್ಕಳಿಗೆ ಡಬ್ಬಿ ಕೊಟ್ಟರೂ ಸರಿ, ಫೋನ್ ಕೊಟ್ಟರೂ ಸರಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಕಳಿಸಿ. ನಿಮ್ಮ ಹೂವಿನ ಚಿತ್ರ ಚೆನ್ನಾಗಿ ಬಂದದ್ದು ಲೆನ್ಸ್ ಇಲ್ಲದ್ದಕ್ಕಲ್ಲ, ಎರಡನೇ ಸಲ ಹೋಗಿದ್ದಕ್ಕೆ ಅಂತ ನನಗನ್ನಿಸುತ್ತದೆ. ಅಲ್ವಾ?

ರಾಚೆಸ್ಟರ್ ಕನ್ನಡಿಗ

ನಾನು ಇರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ. ಕೊಡಾಕ್ ಹುಟ್ಟಿದ ಊರು. ಜಾರ್ಜ್ ಈಸ್ಟ್‌ಮನ್ ಅವರ ಮನೆ ಈಗ ಮ್ಯೂಸಿಯಂ. ಇಲ್ಲಿ ಬಂದ ಮೇಲೆ ಫಿಲ್ಮ್ ಕಲಿಯದೆ ಇರುವುದು ಹೇಗೆ ಅಂತ ಸಂಜೆ ಕ್ಲಾಸಿಗೆ ಸೇರಿದೆ.

ನಮಗೆ ಕೊಟ್ಟದ್ದು: ಒಂದು ರೋಲ್, 36 ಫ್ರೇಮ್, ಒಂದೇ ವಸ್ತು. ನಾನು ಮನೆ ಎದುರಿನ ಬಸ್ ಸ್ಟಾಪಿನ ಬೆಂಚು ತೆಗೆದೆ, ಹಿಮ ಬೀಳುವ ಕಾಲದಲ್ಲಿ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ಮಧ್ಯಮ ಬೂದು ಅಂದುಕೊಳ್ಳುತ್ತದೆ. ಅದರ ಮಾತು ಕೇಳಿದರೆ ಹಿಮ ಸಿಮೆಂಟಿನಂತೆ ಬರುತ್ತದೆ. ಒಂದೂವರೆ, ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಜಾಸ್ತಿ ಬೆಳಕು ಬಿಟ್ಟರೆ ಮಾತ್ರ ಬಿಳಿ ಬಿಳಿಯಾಗಿ ಉಳಿಯುತ್ತದೆ.

ನನಗೆ ಇಷ್ಟವಾದದ್ದು ಯಾವುದೇ ಒಂದು ಚಿತ್ರ ಅಲ್ಲ, ಪೂರ್ತಿ ಕಾಂಟ್ಯಾಕ್ಟ್ ಶೀಟ್, ಅಂದರೆ ರೋಲಿನ ಎಲ್ಲಾ ಫ್ರೇಮುಗಳೂ ಸಣ್ಣದಾಗಿ ಸಾಲಾಗಿ ಅಚ್ಚಾದ ಒಂದೇ ಹಾಳೆ. ಬೆಂಚು ಮುಳುಗುತ್ತಾ ಹೋಗಿ, ಯಾರೋ ಹಿಮ ಸರಿಸಿ ಕೂತು, ಮತ್ತೆ ಮುಳುಗಿದ್ದು ಸಾಲಾಗಿ ಕಾಣುತ್ತದೆ. ಕ್ಲಾಸಿನಲ್ಲಿ ಒಳ್ಳೆಯದೊಂದನ್ನು ಆರಿಸಿ ದೊಡ್ಡದು ಮಾಡಿ ಅಂದರು. ನಾನು ಶೀಟನ್ನೇ ಕೊಟ್ಟೆ, ಅವರು ಒಪ್ಪಿಕೊಂಡರು. ನನ್ನ ಲೆಕ್ಕದಲ್ಲಿ ನಿಮ್ಮಿಬ್ಬರ ಮಾತೂ ಇದರಲ್ಲಿ ಸೇರಿದೆ: ಕಟ್ಟುಪಾಡೂ ಇತ್ತು, ಮತ್ತೆ ಮತ್ತೆ ಹೋಗುವುದೂ ಇತ್ತು.

ಮಕ್ಕಳ ಫೋನಿನಲ್ಲೂ ಇದನ್ನು ಮಾಡಿಸಬಹುದು. ಡಿಲೀಟ್ ಮಾಡಬಾರದು ಅನ್ನುವ ಷರತ್ತು ಮಾತ್ರ ಹಾಕಿ.

ಡಬ್ಬಿಕ್ಯಾಮೆರಾ, ಮೈಸೂರು

ಮೂವರಿಗೂ ತುಂಬಾ ಧನ್ಯವಾದ. ಕುಂದಾಪುರದವರೇ, ನಿಮ್ಮ ಮಾತು ನಿನ್ನೆಯಿಂದ ತಲೆಯಲ್ಲಿ ಕೂತಿದೆ. ಎರಡನೇ ಸಲ ಹೋದದ್ದು ಮುಖ್ಯ ಅನ್ನುವುದು ನಿಜ. ಆದರೆ ಲೆನ್ಸ್ ಇದ್ದಿದ್ದರೆ ನಾನು ಹತ್ತು ನಿಮಿಷ ಒಬ್ಬರ ಎದುರಿಗೆ ನಿಂತಿರುತ್ತಿರಲಿಲ್ಲ. ಅವರ ಕೈ ಹೊಗೆಯಾಗಿ ಬರುತ್ತಲೂ ಇರಲಿಲ್ಲ. ಹಾಗಾಗಿ ಡಬ್ಬಿಯ ಪರವಾದ ನನ್ನ ವಾದ ಪೂರ್ತಿ ಬಿಡುವುದಿಲ್ಲ.

ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಮೊದಲ ವಾರ ಮಕ್ಕಳು ತಮ್ಮ ಬೀದಿಯಲ್ಲೇ ಒಂದು ಜಾಗ ಆರಿಸಿಕೊಳ್ಳಲಿ. ರಜೆ ಮುಗಿಯುವವರೆಗೆ ಅದೇ ಜಾಗ. ಫೋನಿನಲ್ಲಿ 36 ಚಿತ್ರ, ಡಿಲೀಟ್ ಇಲ್ಲ. ಆಮೇಲೆ ಅದೇ ಜಾಗಕ್ಕೆ ಡಬ್ಬಿ ಹಿಡಿದು ಹೋಗುವುದು. ಕೊನೆಗೆ ಆ ಜಾಗದಲ್ಲಿ ಸಿಕ್ಕ ಒಂದು ವಸ್ತುವಿನ ಸಯನೋಟೈಪ್. ನನ್ನ ಬಚ್ಚಲು ಮನೆಯೇ ಡಾರ್ಕ್‌ರೂಮ್ ಆಗುತ್ತದೆ, ಮನೆಯವರು ಒಪ್ಪಿದ್ದಾರೆ.

ಧಾರವಾಡದವರೇ, ಒಂದು ಅನುಮಾನ. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದರೆ ನೀಲಿ ನಿಲ್ಲುತ್ತದಾ?

ಧಾರವಾಡದವಳು

ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ಇರುತ್ತದೆ, ನೀಲಿಗೆ ಅದು ಆಗುವುದಿಲ್ಲ. ಬಣ್ಣ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಮೊದಲ ತೊಳೆತದ ನೀರಿಗೆ ನಾಲ್ಕು ಹನಿ ನಿಂಬೆರಸ ಅಥವಾ ವಿನೆಗರ್ ಹಾಕಿ, ಸರಿಯಾಗುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಬಟ್ಟೆಯ ಮೇಲೆ ಅಚ್ಚು ಹಾಕಿಸುವುದಾದರೆ ಮಕ್ಕಳ ಮನೆಯಲ್ಲಿ ಹೇಳಿ ಕಳಿಸಿ, ಅದನ್ನು ಸೋಪಿನ ಪುಡಿ ಹಾಕಿ ಒಗೆಯಬಾರದು, ವಾಷಿಂಗ್ ಸೋಡಾ ಅಂತೂ ಬೇಡವೇ ಬೇಡ.

ದ್ರಾವಣ ಬಳಿಯುವಾಗ ಮಕ್ಕಳಿಗೆ ಕೈಗವಸು ಕೊಡಿ. ಫೆರಿಸಯನೈಡ್ ಪುಡಿಯನ್ನು ನೀವೇ ತೂಗಿ ಕರಗಿಸಿಡಿ, ಅದರ ಹತ್ತಿರ ಬಚ್ಚಲು ತೊಳೆಯುವ ಆಸಿಡ್ ಇರಲೇಬಾರದು. ನಿಮ್ಮ ಡಾರ್ಕ್‌ರೂಮ್ ಬಚ್ಚಲು ಮನೆ ಅಂದಿರಲ್ಲ, ಅದಕ್ಕೇ ಹೇಳಿದೆ. ಎರಡು ದ್ರಾವಣವನ್ನೂ ಬೇರೆ ಬೇರೆ ಕಂದು ಬಾಟಲಿಯಲ್ಲಿ ಇಡಿ, ಬೇಕಾದಷ್ಟು ಮಾತ್ರ ಆ ದಿನ ಬೆರೆಸಿ. ಮೋಡದ ದಿನವೂ ಅಚ್ಚು ಬರುತ್ತದೆ, ಆದರೆ ಬಹಳ ಹೊತ್ತು ಕಾಯಬೇಕು. ಮಳೆಗಾಲ ಹಿಡಿಯುವ ಮುಂಚೆಯೇ ಆ ವಾರ ಇಟ್ಟುಕೊಳ್ಳಿ. ಮಕ್ಕಳ ಅಚ್ಚುಗಳನ್ನು ಇಲ್ಲಿ ಹಾಕಿ, ನೋಡಬೇಕು ನನಗೆ.