ವೈದ್ಯರ ಬಳಿಗೆ ಬಾರದ ಮಕ್ಕಳು

ಅಣ್ಣ (ಬೆಂಗಳೂರು): 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ವರದಿಯನ್ನು ನಮ್ಮ ಕುಟುಂಬದ ಈ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. 2006ರಿಂದ 2012ರವರೆಗಿನ ಸಮೀಕ್ಷೆಗಳ ಪ್ರಕಾರ ಮಕ್ಕಳು ಮನೋವೈದ್ಯರನ್ನು ಕಾಣುವುದು, ಬಿಳಿಯರಿಗೆ ಹೋಲಿಸಿದರೆ, ಕಪ್ಪು ಜನರಲ್ಲಿ ಶೇ. 37ರಷ್ಟು, ಹಿಸ್ಪಾನಿಕ್ (ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದ) ಜನರಲ್ಲಿ ಶೇ. 49ರಷ್ಟು ಕಡಿಮೆ.

ದೊಡ್ಡಮಾವ: ಇದರಲ್ಲಿ ಚಿಂತಿಸುವಂಥದ್ದೇನೂ ಕಾಣಲಿಲ್ಲ. ಕಷ್ಟ ಕಂಡ ಮನೆಯ ಮಕ್ಕಳ ಮನಸ್ಸು ಗಟ್ಟಿಯಾಗಿರುತ್ತದೆ. ಕೊಡಗಿನ ನಮ್ಮ ತೋಟದಲ್ಲಿ ಕೂಲಿಯವರು ಇರುವ ಲೈನ್‌ಮನೆಯ ಮಕ್ಕಳು ನಮ್ಮ ಮಕ್ಕಳಿಗಿಂತ ಸುಖವಾಗಿಯೇ ಇದ್ದಾರೆ.

ನಾನು: ಮಾವ, ಮಾನಸಿಕ ತೊಂದರೆಯ ಪ್ರಮಾಣ ಆ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಎಂದು ಅದೇ ಅಧ್ಯಯನ ಹೇಳುತ್ತದೆ. ತೊಂದರೆ ಸಮವಾಗಿದ್ದು ಭೇಟಿ ಮಾತ್ರ ಕಡಿಮೆಯಾಗಿದ್ದರೆ, ಅದನ್ನು ಗಟ್ಟಿತನವೆಂದು ಕರೆಯುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. 2011-12ರಲ್ಲಿ ಅಲ್ಲಿನ ಶಾಲೆಗಳು ಕಪ್ಪು ವಿದ್ಯಾರ್ಥಿಗಳನ್ನು ಅಮಾನತು ಮಾಡಿದ ಪ್ರಮಾಣ ಬಿಳಿಯರದರ ಮೂರು ಪಟ್ಟು ಇತ್ತು. ವೈದ್ಯರ ಕಣ್ಣಿಗೆ ಬೀಳದ ಮಗು ಶಿಕ್ಷೆ ಕೊಡುವವರ ಕಣ್ಣಿಗೆ ಬೇಗ ಬೀಳುತ್ತದೆ. ಅಲ್ಲಿಯ ಜನಾಂಗಭೇದದ ಚರಿತ್ರೆ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಆದರೆ ಆದಿವಾಸಿಗಳ ಹಾಡಿಯಿಂದ ಬರುವ ಯರವರ ಅಥವಾ ಜೇನು ಕುರುಬರ ಹುಡುಗ ತಿಂಗಳುಗಟ್ಟಲೆ ಮಾತಾಡದೆ ಕುಳಿತರೆ ನಾವು ಶಿಕ್ಷಕರು ಸೋಮಾರಿ ಎನ್ನುತ್ತೇವೆ, ಮುಂದಿನ ಕೊಯ್ಲಿಗೆ ಅವನು ತೋಟದಲ್ಲಿರುತ್ತಾನೆ, ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ.

ಪೊನ್ನಂಪೇಟೆ ಚಿಕ್ಕಮ್ಮ: ದೊಡ್ಡ ಮನೆಗಳಲ್ಲೂ ಇದನ್ನು ಮುಚ್ಚಿಡುತ್ತಾರಲ್ಲವೇ? ನಾಳೆ ಮದುವೆಗೆ ಅಡ್ಡಿಯಾದೀತು ಎಂಬ ಭಯ ಎಲ್ಲ ಜಾತಿಯವರಿಗೂ ಇದೆ.

ನಾನು: ಇದೆ, ಚಿಕ್ಕಮ್ಮ. ಆದರೆ ನಾವು ಯಾರಿಗೂ ತಿಳಿಯದಂತೆ ಕಾರಿನಲ್ಲಿ ಮೈಸೂರಿಗೆ ಹೋಗಿ ತೋರಿಸಿಕೊಂಡು ಬರುತ್ತೇವೆ. ಲೈನ್‌ಮನೆಯ ತಾಯಿಗೆ ಆ ಭಯದ ಜೊತೆಗೆ ಬಸ್ಸಿನ ದುಡ್ಡು, ಕಳೆಯುವ ಕೂಲಿ, ತನ್ನ ನುಡಿ ತಿಳಿಯದ ವೈದ್ಯರು, ಇಷ್ಟೂ ಎದುರಾಗುತ್ತವೆ. ಅಸ್ಸಾಮಿನಿಂದ ಬಂದ ಕುಟುಂಬಗಳಿಗಂತೂ ಕನ್ನಡವೂ ದೂರ.

ಅಣ್ಣ (ಬೆಂಗಳೂರು): ಮೂಲದಲ್ಲಿ ಇದು ಹಣದ ಪ್ರಶ್ನೆಯಲ್ಲವೇ?

ನಾನು: ಹಣ ದೊಡ್ಡ ಕಾರಣವೇ, ಆದರೆ ಅದೊಂದೇ ಅಲ್ಲ. ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯ ಬಗ್ಗೆ 2013ರಲ್ಲಿ ಅಮೆರಿಕದಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಲ್ಲಿ ಅದು ಗುರುತಿಸಲ್ಪಡುವ ಸಾಧ್ಯತೆ ಹೆಚ್ಚೆಂದು ಕಂಡುಬಂದಿತು. ಯಾರ ಮಾತು ವೈದ್ಯರಿಗೆ ಅರ್ಥವಾಗುತ್ತದೋ ಅವರ ಮಗುವಿನ ಕಷ್ಟ ಮೊದಲು ಕಾಣುತ್ತದೆ.

ದೊಡ್ಡಮಾವ: ಎಲ್ಲ ಸರಿ. ಕೊಯ್ಲಿನ ಸಮಯದಲ್ಲಿ ಕೂಲಿ ಬಿಟ್ಟು ಮಗುವನ್ನು ಮಡಿಕೇರಿಗೆ ವೈದ್ಯರ ಬಳಿ ಕರೆದೊಯ್ಯುವುದು ಆಗುವ ಮಾತೇ?

ನಾನು: ಆ ದಿನದ ಕೂಲಿಯನ್ನು ನೀವು ಕೊಟ್ಟರೆ ಆಗುತ್ತದೆ, ಮಾವ. ಅವರ ನುಡಿ ಬಲ್ಲ ಆಶಾ ಕಾರ್ಯಕರ್ತೆ ಜೊತೆಗೆ ಹೋದರೆ ತಾಯಿಯ ಮಾತು ವೈದ್ಯರಿಗೆ ತಲುಪುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416ಕ್ಕೆ, ಮೊದಲು ನಾನೇ ಕರೆ ಮಾಡಿ ಕೇಳುತ್ತೇನೆ.

ದೊಡ್ಡಮಾವ: ಅಧ್ಯಯನದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೂಲಿ ಕೊಡುತ್ತೇನೆ. ಆದರೆ ಕಾರಣ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಗೊತ್ತಾದರೆ ಸಂಜೆಯೊಳಗೆ ಇಡೀ ಲೈನಿಗೆ ಗೊತ್ತಾಗುತ್ತದೆ.

ನಾನು: ಪುಸ್ತಕದಲ್ಲಿ ರಜೆ ಎಂದಷ್ಟೇ ಬರೆಸಿ, ಮಾವ. ಯಾವ ಮಗು ಎಂದು ನಿಮಗೂ ಹೇಳುವುದಿಲ್ಲ.