ಆರೋಪ ಅವರದು, ಓಟು ನಮ್ಮದು

"ಆರೋಪ ಬಂದ ಕೂಡಲೇ ಕೈಬಿಡೋದಾದ್ರೆ ಅದನ್ನ ನಿಷ್ಠೆ ಅಂತ ಯಾಕ್ರೀ ಕರೀಬೇಕು?" ಎಂದರು ನಮ್ಮ ಗುಂಪಿನ ವಕೀಲರು, ತಮ್ಮ ಪಕ್ಷದ ಅಭ್ಯರ್ಥಿಯ ಮೇಲೆ ಬಂದ ಆರೋಪದ ಮಾತೆತ್ತಿ.

"ಹೋದ ಸಲ ಎದುರು ಪಕ್ಷದವನ ಮೇಲೆ ಆರೋಪ ಬಂದಾಗ ರಾಜೀನಾಮೆ ಕೊಡಲಿ ಅಂತ ಕೂಗಿದ್ರಲ್ಲ?" ಎಂದು ಕೇಳಿದರು ಮೇಷ್ಟ್ರು.

"ಅದು ಆರೋಪ ಅಲ್ಲ, ಸತ್ಯ."

"ಸಾಬೀತಾಗಿತ್ತಾ?"

"ಮುಖ ನೋಡಿದ್ರೆ ಗೊತ್ತಾಗಲ್ವಾ!"

ವಕೀಲರೇ ಹೀಗಂದ ಮೇಲೆ ಕೋರ್ಟು ಯಾಕೆ ಬೇಕು, ಒಂದು ಕನ್ನಡಿ ಅಂಗಡಿ ಸಾಕು.

ಮೇಷ್ಟ್ರು ಅಮೆರಿಕಕ್ಕೆ ಹಾರಿದರು. 2017ರ ಅಲಬಾಮಾ ಸೆನೆಟ್ ಚುನಾವಣೆ. ರಿಪಬ್ಲಿಕನ್ ಅಭ್ಯರ್ಥಿ ರಾಯ್ ಮೂರ್ ಆ ರಾಜ್ಯದ ಮುಖ್ಯ ನ್ಯಾಯಾಧೀಶರಾಗಿದ್ದವರು. ದಶಕಗಳ ಹಿಂದೆ, ತಾವು ಹದಿಹರೆಯದಲ್ಲಿದ್ದಾಗ, ಮೂರ್ ತಮ್ಮೊಂದಿಗೆ ಕೆಟ್ಟದಾಗಿ ನಡೆದುಕೊಂಡರು ಎಂದು ಕೆಲವು ಮಹಿಳೆಯರು ದೂರಿದರು. ಮೂರ್ ಎಲ್ಲವನ್ನೂ ಅಲ್ಲಗಳೆದರು. ಆದರೂ ಆರೂವರೆ ಲಕ್ಷ ಓಟು ಬಿತ್ತು.

"ನೋಡಿ, ಅದು ನಿಷ್ಠೆ!" ವಕೀಲರು ತೊಡೆ ತಟ್ಟಿದರು.

"ಪೂರ್ತಿ ಕೇಳಿ ಸ್ವಾಮಿ. ಸೋತರು. ಅಂತರ ಸುಮಾರು 22 ಸಾವಿರ. ಅಲ್ಲಿ ಮತಪತ್ರದಲ್ಲಿ ಬೇಕಾದ ಹೆಸರನ್ನ ನಾವೇ ಬರೆಯೋಕೆ ಜಾಗ ಇರುತ್ತೆ. ಹಾಗೆ ಬರೆದವರು ಆ ಅಂತರಕ್ಕಿಂತ ಜಾಸ್ತಿ ಇದ್ರು. ಮೂರ್ ಅವರದೇ ಪಕ್ಷದ ಸೆನೆಟರ್ ರಿಚರ್ಡ್ ಶೆಲ್ಬಿ ಕೂಡ ಬೇರೆ ಹೆಸರು ಬರೆದಿದ್ರು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಹೊರಟವರ ಕೋಲೇ ಮುರಿದಿತ್ತು. ಜಗಳವಾಡದೆ, ಬಾವುಟ ಬದಲಿಸದೆ, ಸುಮ್ನೆ ಪಕ್ಕಕ್ಕೆ ಸರಿದವರೇ ಫಲಿತಾಂಶ ತಿರುಗಿಸೋದು. ಟೀವಿಯಲ್ಲಿ ಕಿರುಚಾಡುವವರ ಓಟು ಹೇಗೂ ಮೊದಲೇ ಬಿದ್ದಾಗಿರುತ್ತದೆ.

"ಎರಡೂ ಕಡೆ ಇದೇ ಕಥೆ," ಎಂದರು ಅಲ್ಲಿಯವರೆಗೆ ಸುಮ್ಮನಿದ್ದ ಅಕ್ಕ. 1998ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಕ್ಲಿಂಟನ್ ಮೇಲೆ ವಾಗ್ದಂಡನೆ ಬಂದಾಗ ಅವರ ಜನಪ್ರಿಯತೆ ಶೇ. 73ಕ್ಕೆ ಏರಿತ್ತಂತೆ. ಇನ್ನೊಂದು ಲೆಕ್ಕ ಅದಕ್ಕಿಂತ ಮಜವಾಗಿದೆ. ಖಾಸಗಿ ಬದುಕಿನಲ್ಲಿ ತಪ್ಪು ಮಾಡಿದವನೂ ಅಧಿಕಾರದಲ್ಲಿ ನೆಟ್ಟಗಿರಬಲ್ಲನೇ ಎಂದು ಅಮೆರಿಕದ ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್ಲಿನ ಮಾತೇ ಅಂತಿಮ ಎನ್ನುವ) ಕ್ರೈಸ್ತರನ್ನು ಒಂದು ಸಮೀಕ್ಷೆ ಕೇಳಿತ್ತು. 2011ರಲ್ಲಿ ಹೌದು ಎಂದವರು ಶೇ. 30. 2016ರಲ್ಲಿ, ಟ್ರಂಪ್ ಕಣದಲ್ಲಿದ್ದಾಗ, ಶೇ. 72.

"ಐದು ವರ್ಷದಲ್ಲಿ ದೇವರು ಬದಲಾದನಾ?" ಎಂದೆ.

"ಇಲ್ಲ, ಅಭ್ಯರ್ಥಿ ಬದಲಾದ."

ನನಗೆ ಹಿಡಿಸಿದ್ದು ಅಮೆರಿಕದ ಲೂಸಿಯಾನಾ ರಾಜ್ಯದವರು. 1991ರಲ್ಲಿ ಗವರ್ನರ್ ಹುದ್ದೆಗೆ ಒಂದು ಕಡೆ ಭ್ರಷ್ಟಾಚಾರದ ಹೆಸರು ಹೊತ್ತ ಎಡ್ವಿನ್ ಎಡ್ವರ್ಡ್ಸ್, ಇನ್ನೊಂದು ಕಡೆ ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ನಾಯಕನಾಗಿದ್ದ ಡೇವಿಡ್ ಡ್ಯೂಕ್. ಜನ ಕಾರಿಗೆ ಸ್ಟಿಕ್ಕರ್ ಅಂಟಿಸಿಕೊಂಡರು: 'ಕಳ್ಳನಿಗೇ ಓಟು ಹಾಕಿ, ಇದು ಮುಖ್ಯ.' ಎಡ್ವರ್ಡ್ಸ್ ಆರಾಮಾಗಿ ಗೆದ್ದರು. ಮುಂದೆ ಜೈಲಿಗೂ ಹೋದರು. ಸ್ಟಿಕ್ಕರ್‌ನವರು ಮಾತ್ರ ಯಾರಿಗೂ ಸುಳ್ಳು ಹೇಳಲಿಲ್ಲ.

"ಸರಿ ವಕೀಲರೇ, ನಿಮ್ಮವರ ಮೇಲಿನ ಆರೋಪ ಸಾಬೀತಾದ್ರೆ ಏನ್ಮಾಡ್ತೀರಿ?" ಅಕ್ಕ ಕೇಳಿದರು.

"ಮೇಲ್ಮನವಿ ಇದೆಯಲ್ಲ!"

"ಅಲ್ಲೂ ಸೋತ್ರೆ?"

"ಆಗ ಅವರ ಹೆಂಡತಿ ನಿಲ್ತಾರೆ."